ಎಲೆಯ ಬೆನ್ನಿಗೆ ತಲುಪಿದ ಹನಿ

ವಿಮಾನ ತಲೆಯ ಮೇಲೆ ಹಾದುಹೋದ ಮೇಲೂ ಕಸ್ತೂರಿ ಸ್ವಲ್ಪ ಹೊತ್ತು ಬದುವಿನ ಮೇಲೆಯೇ ನಿಂತಿದ್ದಳು. ಹನಿಯೆಲ್ಲ ಇಳಿದು ಗಾಳಿ ತಿಳಿಯಾಗಬೇಕಿತ್ತು. ಆಮೇಲೆ ಮುಖಕ್ಕೆ ಕಟ್ಟಿದ್ದ ಮುಸುಕನ್ನು ಬಿಗಿಮಾಡಿಕೊಂಡು ಟೊಮೆಟೊ ಸಾಲಿನೊಳಗೆ ಇಳಿದು, ಒಂದು ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಎಲೆಯೊಂದನ್ನು ಮಗುಚಿ ನೋಡಿದಳು. ಎಲೆಯ ಬೆನ್ನಿಗೆ ಸಿಕ್ಕಿಸಿದ್ದ ಹಳದಿ ಕಾಗದದ ತುಂಡಿನ ಮೈತುಂಬ ನೀಲಿ ಚುಕ್ಕೆಗಳೆದ್ದಿದ್ದವು.

ಹನಿ ತಗುಲಿದಲ್ಲೆಲ್ಲ ನೀಲಿಯಾಗುವ ಕಾಗದ ಅದು. ವಿಮಾನದಿಂದ ಔಷಧಿ ಸಿಂಪಡಿಸಿದಾಗ ಗಿಡದ ಯಾವ ಭಾಗಕ್ಕೆ ಎಷ್ಟು ಬಿತ್ತೆಂದು ತಿಳಿಯಲು ಕಸ್ತೂರಿ ವರ್ಷಗಳಿಂದ ಇಂಥ ತುಂಡುಗಳನ್ನು ಎಲೆಗಳಿಗೆ ಸಿಕ್ಕಿಸುತ್ತ ಬಂದಿದ್ದಳು. ಎಲೆಯ ಮೇಲಿನ ಕಾಗದ ಪ್ರತಿಸಲವೂ ನೀಲಿಯಾಗುತ್ತಿತ್ತು. ಬೆನ್ನಿನದು ಹಾಕಿದ ಹಾಗೆಯೇ ಹಳದಿಯಾಗಿ ವಾಪಸು ಬರುತ್ತಿತ್ತು. ಇವತ್ತು ಪಕ್ಕದ ಗಿಡ ನೋಡಿದಳು, ಅದರ ಪಕ್ಕದ್ದು ನೋಡಿದಳು, ನೆಲಕ್ಕೆ ತಾಗಿಕೊಂಡಿದ್ದ ಮುದಿ ಎಲೆಗಳನ್ನು ನೋಡಿದಳು. ಎಲ್ಲ ಕಡೆ ನೀಲಿ.

ಸೊಂಟದಲ್ಲಿದ್ದ ರೇಡಿಯೊ ಗೊರಗುಟ್ಟಿತು. "ಎಂತ ಆಯ್ತು ಮೇಡಂ? ಇನ್ನೊಂದು ಸುತ್ತು ಬರ್ಬೇಕಾ?" ವಿಮಾನದಿಂದ ಪೈಲಟ್ ಮೆಲ್ವಿನ್ ಕೇಳುತ್ತಿದ್ದ. ಅವನು ಮೂಡಬಿದಿರೆ ಕಡೆಯವನು.

"ಬ್ಯಾಡ, ಇಳೀರಿ. ಬಿದ್ದೈತಿ ಕ್ಯಾಪ್ಟನ್, ಬೆನ್ನಿಗೂ ಬಿದ್ದೈತಿ!" ಸಂತೋಷದಲ್ಲಿ ಅವಳಿಗೆ ಆಫೀಸಿನ ಕನ್ನಡ ಮರೆತೇ ಹೋಗಿತ್ತು.

ಆ ಸಂತೋಷಕ್ಕೆ ಕಾರಣವಿತ್ತು. ಬಿಳಿನೊಣ ಎಂಬ ಸಾಸಿವೆಗಿಂತ ಸಣ್ಣ ಹುಳು ಎಲೆಯ ಬೆನ್ನಲ್ಲಿ ಕೂತು ರಸ ಹೀರುತ್ತದೆ, ಹೀರುತ್ತಲೇ ಎಲೆಮುದುಡು ರೋಗವನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತದೆ. ಮೊದಲೂ ಇತ್ತು. ಆದರೆ ಈಚೆಗೆ ಹುಟ್ಟಿಕೊಂಡ ತಳಿ ಯಾವ ಗಿಡವನ್ನೂ ಬಿಡಲಿಲ್ಲ. ವರದಾ ನದಿಯಿಂದ ತುಂಗಭದ್ರೆಯವರೆಗೆ ಟೊಮೆಟೊ, ಮೆಣಸು, ಬದನೆ, ಬೆಂಡೆ, ಸೌತೆ ಒಂದೊಂದಾಗಿ ಮುದುಡಿ ಹೋದವು. ಒಂದು ಹೊಲಕ್ಕೆ ಕೈಪಂಪಿನಿಂದ ಹೊಡೆಯುವಷ್ಟರಲ್ಲಿ ನೊಣ ಪಕ್ಕದ ಹೊಲಕ್ಕೆ ಹಾರಿರುತ್ತಿತ್ತು. ಇಡೀ ಬಯಲಿಗೆ ಒಂದೇ ಬೆಳಿಗ್ಗೆ ಔಷಧಿ ಬೀಳಬೇಕು, ಅದು ವಿಮಾನದಿಂದ ಮಾತ್ರ ಸಾಧ್ಯ ಎಂದು ರಾಣೆಬೆನ್ನೂರಿನ ಆಚೆ ಸಿಂಪರಣಾ ಕೇಂದ್ರ ತೆರೆದರು. ವಿಮಾನಗಳು ಬಂದವು. ಆದರೆ ಮೇಲಿನಿಂದ ಬಿದ್ದ ಹನಿ ಎಲೆಯ ಮೇಲೆಯೇ ಕೂರುತ್ತಿತ್ತು. ಕೆಳಗೆ ನೊಣ ಕೊಡೆ ಹಿಡಿದವರಂತೆ ನಿಶ್ಚಿಂತೆಯಿಂದಿತ್ತು.

ಆ ಕೇಂದ್ರದ ವಿಜ್ಞಾನಿಯಾಗಿದ್ದ ಕಸ್ತೂರಿ ಹನಿಯನ್ನು ದೊಡ್ಡದು ಮಾಡಿ ನೋಡಿದಳು, ಉರುಳಿ ನೆಲಕ್ಕೆ ಬಿತ್ತು. ಸಣ್ಣದು ಮಾಡಿದಳು, ರೆಕ್ಕೆ ತುದಿಯ ಸುಳಿಗಾಳಿ ಎತ್ತಿಕೊಂಡು ಹೋಯಿತು. ಕೊನೆಗೆ ಹನಿಗೆ ವಿದ್ಯುತ್ತು ತುಂಬುವ ಹಳೆಯ ಉಪಾಯವನ್ನು ಕೈಗೆತ್ತಿಕೊಂಡಳು. ಬಾಚಣಿಗೆಯನ್ನು ತಲೆಗೂದಲಿಗೆ ಉಜ್ಜಿ ಹಿಡಿದರೆ ಕಾಗದದ ಚೂರು ನೆಗೆದು ಅಂಟುತ್ತದಲ್ಲ, ಅದೇ ವಿದ್ಯೆ. ನಳಿಕೆಯ ಬಾಯಲ್ಲಿ ಹನಿಗೆ ಧನ ವಿದ್ಯುತ್ತು ಕೊಟ್ಟರೆ ನೆಲದಲ್ಲಿ ಬೇರೂರಿದ ಗಿಡ ಅದನ್ನು ಎಳೆದುಕೊಳ್ಳುತ್ತದೆ. ಎಲೆಯ ಪಕ್ಕದಿಂದ ಜಾರಿಹೋಗುವ ಹನಿಯೂ ಬಾಗಿ ತಿರುಗಿ ಬೆನ್ನಿಗೆ ಅಂಟುತ್ತದೆ. ತೊಡಕೆಂದರೆ, ಬಯಲುಸೀಮೆಯ ಬಿಸಿಗಾಳಿಯಲ್ಲಿ ಹನಿ ಕೆಳಗೆ ಬರುವಷ್ಟರಲ್ಲಿ ವಿದ್ಯುತ್ತು ಸೋರಿಹೋಗುತ್ತಿತ್ತು. ಅದಕ್ಕೆ ಕಸ್ತೂರಿ ಚವಳಿಕಾಯಿ, ಅಂದರೆ ಗೋರಿಕಾಯಿ, ಬೀಜದ ಅಂಟನ್ನು ಬೇರೆ ಬೇರೆ ರೀತಿಯಲ್ಲಿ ಪಳಗಿಸಿ ಹನಿಗೆ ಬೆರೆಸಿದಳು. ಆ ಅಂಟು ವಿದ್ಯುತ್ತನ್ನು ಬಿಗಿಯಾಗಿ ಹಿಡಿದುಕೊಂಡಿತು. ಎಲೆಗೆ ತಗುಲಿದ ಮೇಲೂ ಬಿಡದೆ, ಕಣ್ಣಿಗೆ ಕಾಣದ ಪೊರೆಯಾಗಿ ವಾರಗಟ್ಟಲೆ ನಿಂತಿತು. ಒಳಗಿದ್ದ ಔಷಧಿಯೋ ಬಿಳಿನೊಣವನ್ನಷ್ಟೇ ಕೊಲ್ಲುವಂಥದ್ದು. ಮನುಷ್ಯರಿಗೆ, ದನಕರುಗಳಿಗೆ, ಜೇನಿಗೆ ಏನೂ ಆಗುವುದಿಲ್ಲವೆಂದು ಮೊದಲೇ ಪರೀಕ್ಷೆಯಾಗಿತ್ತು.

ಆ ಹಂಗಾಮಿನಲ್ಲಿ ಬಯಲಿಗೆ ತರಕಾರಿ ಮರಳಿ ಬಂತು. ಹೊಳೆಕಡೂರಿನಲ್ಲಿದ್ದ ಅಕ್ಕ ಹೊನ್ನವ್ವ ತಂಗಿಯನ್ನು ಊಟಕ್ಕೆ ಕರೆದಳು. ಜೋಳದ ರೊಟ್ಟಿಯ ಜೊತೆ ಎಣ್ಣೆಗಾಯಿ ಮಾಡಿದ್ದಳು.

"ತಿನ್ನವಾ, ನಿನ್ನ ಇಮಾನದ ಬದ್ನಿಕಾಯಿ," ಎಂದು ಇನ್ನೊಂದು ಕಾಯಿ ಬಡಿಸಿದಳು.

ಭಾವ ಫಕ್ಕೀರಪ್ಪ ತುಂಬಿದ ಬಾಯಲ್ಲೇ ಹೇಳಿದ, "ಬ್ಯಾಳಿ ತಿಂದು ತಿಂದು ನನ್ನ ನಾಲಗಿ ಮರಗಟ್ಟಿತ್ತು. ಚವಳಿಕಾಯಿ ಅಂದ್ರ ನಾ ಮೊದಲಿಂದ ಮಾರಿ ತಿರವ್ತಿದ್ದೆ. ಇನ್ನ ಮ್ಯಾಲ ಕೈ ಮುಗೀತೀನಿ ಬಿಡು."

ಹೊನ್ನವ್ವ ಮದುವೆಗೆ ಮೊದಲು ಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್ ಕೆಲಸ ಮಾಡುತ್ತಿದ್ದಳು. ಒಂದು ತಳಿಯ ಹೂವಿನ ಪರಾಗವನ್ನು ಇನ್ನೊಂದರ ಹೂವಿಗೆ ಕೈಯಿಂದ ಮುಟ್ಟಿಸುವ ಕೆಲಸ. ಆ ಕೂಲಿಯಲ್ಲೇ ತಂಗಿಯನ್ನು ಓದಿಸಿದ್ದಳು. ಈಗ ಗಂಡಹೆಂಡತಿ ಹೊಳೆಯ ತಿರುವಿನಲ್ಲಿದ್ದ ಒಂದು ಎಕರೆಯಲ್ಲಿ ಕಾಯಿಪಲ್ಲೆ ಬೆಳೆಯುತ್ತಿದ್ದರು. ಬದನೆ ಮುಗಿದ ಮೇಲೆ ಸೌತೆ ಹಾಕಿದರು.

ಸೌತೆ ಹೂಬಿಟ್ಟ ಕಾಲಕ್ಕೆ ಕೇಂದ್ರದ ಕಂಟ್ರೋಲ್ ರೂಮಿಗೆ ಹೊನ್ನವ್ವನ ಫೋನು ಬಂತು.

"ಒಂದ್ ಸಲ ಬಂದ್ ಹೋಗ್ತೀಯೇನು? ಬಳ್ಳಿ ತುಂಬ ಹೂವು ಅದಾವು, ಒಂದ್ ಮಿಡೀನೂ ನಿಂದ್ರವಲ್ದು."

"ರೋಗ ಬಂತೇನಕ್ಕಾ?"

"ರೋಗ ಇಲ್ಲ, ರುಜಿನ ಇಲ್ಲ. ಎಲಿ ನೋಡಿದ್ರ ದೃಷ್ಟಿ ತಾಗೂವಂಗ ಅದಾವು. ಮಿಡಿ ಹಳದಿಯಾಗಿ ಉದರಾಕತ್ತಾವು, ಅಷ್ಟ."

ಮರುದಿನ ಬೆಳಿಗ್ಗೆ ಅಕ್ಕತಂಗಿ ಇಬ್ಬರೂ ಹೊಲದಲ್ಲಿ ನಿಂತರು. ಬಿಸಿಲು ಏರುತ್ತಿದ್ದಂತೆ ಜೇನುಗಳು ಬಂದವು. ಒಂದು ಜೇನು ಕಾಲು ಚಾಚಿಕೊಂಡು ಹಳದಿ ಹೂವಿನ ಮೇಲೆ ಇಳಿಯಲು ಹೋಯಿತು. ಇನ್ನು ಗೇಣು ದೂರವಿರುವಾಗ ಗಕ್ಕನೆ ನಿಂತಿತು. ಗಾಳಿಯಲ್ಲೇ ಅತ್ತಿತ್ತ ತೂಗಾಡಿ ಪಕ್ಕದ ಹೂವಿಗೆ ಹೋಯಿತು. ಅಲ್ಲೂ ಹಾಗೆಯೇ. ಐದಾರು ಹೂವುಗಳ ಮುಂದೆ ನಿಂತು ನೋಡಿ, ಹೊಳೆಯ ಕಡೆಗೆ ಹಾರಿಹೋಯಿತು. ಇನ್ನೊಂದು ಬಂತು. ಅದೂ ಇಳಿಯಲಿಲ್ಲ.

"ಸಾಯವಲ್ವು," ಎಂದಳು ಹೊನ್ನವ್ವ. "ಬರ್ತಾವು, ನೋಡ್ತಾವು, ಹೊಕ್ಕಾವು. ಹೂವಂತ ಗುರ್ತಽ ಸಿಗವಲ್ದೇನೋ."

ಕಸ್ತೂರಿಗೆ ತನ್ನ ಹನಿಯ ಮೇಲೆಯೇ ಅನುಮಾನ ಬಂತು. ಕೇಂದ್ರಕ್ಕೆ ಬಂದವಳೇ ಎರಡು ಕುಂಡಗಳಲ್ಲಿ ಸೌತೆ ಬಳ್ಳಿ ಇಟ್ಟು, ಒಂದಕ್ಕೆ ಹನಿ ಹೊಡೆದು ಇನ್ನೊಂದನ್ನು ಹಾಗೆಯೇ ಬಿಟ್ಟಳು. ಸೂಜಿಯಂಥ ಮೀಟರನ್ನು ಹೂವಿನ ಹತ್ತಿರ ಹಿಡಿದು ಅಳೆದಳು. ಉತ್ತರ ಅವಳು ಹೆದರಿದ್ದಂತೆಯೇ ಇತ್ತು. ಹೂವಿಗೂ ತನ್ನದೇ ಆದ ಅತಿ ಸಣ್ಣ ಋಣ ವಿದ್ಯುತ್ತು ಇರುತ್ತದೆ. ಗಾಳಿಯನ್ನು ಉಜ್ಜುತ್ತ ಹಾರುವ ಜೇನಿನ ಮೈಯಲ್ಲಿ ಧನ ವಿದ್ಯುತ್ತು ಕೂಡಿರುತ್ತದೆ. ಬಣ್ಣ, ವಾಸನೆಯ ಜೊತೆಗೆ ಈ ಸೆಳೆತವನ್ನೂ ಮೈಕೂದಲಿನಿಂದ ಗ್ರಹಿಸಿಯೇ ಜೇನು ಹೂವನ್ನು ನಂಬುತ್ತದೆ. ಹತ್ತಿರ ಬಂದಾಗ ಪರಾಗ ತಾನಾಗಿಯೇ ನೆಗೆದು ಅದರ ಮೈಗೆ ಅಂಟುತ್ತದೆ. ಈಗ ಸುತ್ತಲಿನ ಸಾವಿರಾರು ಎಲೆಗಳ ಮೇಲೂ ಕೆಳಗೂ ಧನ ವಿದ್ಯುತ್ತಿನ ಪೊರೆಯಿತ್ತು. ಅದು ಜೇನನ್ನು ಹಿಂದಕ್ಕೆ ತಳ್ಳುತ್ತಿತ್ತು. ಅದರ ನಡುವೆ ಹೊಸದಾಗಿ ಅರಳಿದ ಹೂವಿನ ಸಣ್ಣ ಕರೆ ಮುಳುಗಿಯೇ ಹೋಗಿತ್ತು. ಟೊಮೆಟೊ, ಬದನೆ ತಮ್ಮ ಪರಾಗದಿಂದಲೇ ಕಾಯಿ ಕಟ್ಟುತ್ತವೆ, ಸೌತೆಗೆ ಮಾತ್ರ ಜೇನು ಬೇಕೇ ಬೇಕು.

ಅವಳು ಸುಮ್ಮನೆ ಕೂರಲಿಲ್ಲ. ಅಂಟನ್ನು ಕಡಿಮೆ ಮಾಡಿದಳು. ಎಲೆಯ ಬೆನ್ನು ಮತ್ತೆ ಬರಿದಾಯಿತು, ವಾರದೊಳಗೆ ಪರೀಕ್ಷೆಯ ತಾಕಿನಲ್ಲಿ ನೊಣ ತುಂಬಿತು. ಧನದ ಬದಲು ಋಣ ವಿದ್ಯುತ್ತು ಕೊಟ್ಟಳು. ಪರಾಗ ಜೇನು ಬರುವ ಮೊದಲೇ ಕೇಸರದಿಂದ ಚಿಮ್ಮಿ ದಳಗಳಿಗೆ ಮೆತ್ತಿಕೊಂಡಿತು. ಪೊರೆಯನ್ನು ತೊಳೆಯುವ ದ್ರಾವಣ ಮಾಡಿದಳು. ಅದು ಪೊರೆಯ ಜೊತೆ ಎಲೆಯ ಹೊಳಪನ್ನೂ ತೆಗೆದು ಗಿಡವನ್ನೇ ಒಣಗಿಸಿತು.

ಕೇಂದ್ರದ ನಿರ್ದೇಶಕ ಡಾ. ಚಿದಂಬರಯ್ಯ ಅವಳ ಅಳತೆಗಳನ್ನೆಲ್ಲ ಕೂತು ನೋಡಿದರು. ಅವರು ಮೈಸೂರಿನ ಕಡೆಯವರು, ದನಿ ಏರಿಸಿ ಮಾತಾಡಿದವರಲ್ಲ.

"ಇದು ಸುಳ್ಳು ಅಂತ ನಾನು ಹೇಳೋಲ್ಲಮ್ಮ," ಎಂದರು. "ನಿಲ್ಲಿಸಿ ಅಂದ್ರೆ ನಾಳೆಯೇ ವಿಮಾನ ನಿಲ್ಲಿಸ್ತೀನಿ. ಆಮೇಲೆ ಜನ ಏನು ತಿನ್ಬೇಕು ಅಂತಾನೂ ನೀವೇ ಹೇಳ್ಬೇಕು."

"ಒಂದು ಕಡೆ ನಿಲ್ಲಿಸಿ ನೋಡೋಣ ಸರ್."

ನೋಡಿದರು. ವರದಾ ದಂಡೆಯ ಕೆಲವು ಹಳ್ಳಿಯವರು ತಾವಾಗಿ ಒಪ್ಪಿಕೊಂಡರು. ಅಲ್ಲಿ ಸಿಂಪರಣೆ ನಿಂತಿತು, ಪೊರೆ ಕಳಚಿತು, ಜೇನು ಇಳಿಯಿತು. ಅದರ ಹಿಂದೆಯೇ ಬಿಳಿನೊಣವೂ ಬಂತು. ಕಾಯಿ ಹೀಚಾಗಿರುವಾಗಲೇ ಗಿಡ ಮುದುಡಿತು. ಅದೇ ಹಳ್ಳಿಯವರು ಟ್ರ್ಯಾಕ್ಟರಿನಲ್ಲಿ ಕೇಂದ್ರದ ಗೇಟಿಗೆ ಬಂದು, ವಿಮಾನ ಕಳಿಸಿ ಎಂದು ಕೈಮುಗಿದರು. ಅವರಲ್ಲಿ ಒಬ್ಬರೂ ಕಸ್ತೂರಿಯನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು.

ಹೀಗೆ ಜೇನಿನ ಕೆಲಸ ಮನುಷ್ಯರ ಕೈಗೆ ಬಂತು. ಕ್ರಾಸಿಂಗ್ ಗೊತ್ತಿದ್ದ ಹೆಂಗಸರು ಗೊತ್ತಿಲ್ಲದವರಿಗೆ ಕಲಿಸಿದರು. ಗಂಡು ಹೂವನ್ನು ಕಿತ್ತು, ದಳಗಳನ್ನು ಹಿಂದಕ್ಕೆ ಮಡಚಿ, ಬುಡದಲ್ಲಿ ಸಣ್ಣ ಮಿಡಿ ಹೊತ್ತ ಹೆಣ್ಣು ಹೂವಿನ ನಡುವಿಗೆ ಹಗುರಾಗಿ ಮುಟ್ಟಿಸಬೇಕು. ಬಿಸಿಲೇರಿದರೆ ಆಗದು. ಹಾಗಾಗಿ ಬೆಳಗಾದರೆ ಊರಿಗೆ ಊರೇ ಹೊಲದಲ್ಲಿರುತ್ತಿತ್ತು. ಶಾಲೆಗಳು ಮಧ್ಯಾಹ್ನಕ್ಕೆ ಬದಲಾದವು. ಮದುವೆ ಮುಹೂರ್ತಗಳನ್ನು ಸಂಜೆಗೆ ನೋಡತೊಡಗಿದರು. ಬೆಳಗಿನ ಪೂಜೆಗೆ ಬರುವವರಿಲ್ಲದೆ ಹೊಳೆಕಡೂರಿನ ಪೂಜಾರಿ ತಾನೂ ಸೌತೆ ಹೊಲಕ್ಕೆ ಹೋಗುತ್ತಿದ್ದ. ಮೊದಲು ಹಾಡು, ನಗೆ ಇದ್ದವು. ಒಂದು ಹಂಗಾಮು ಕಳೆಯುವಷ್ಟರಲ್ಲಿ ಸೊಂಟ ಹಿಡಿದವರು, ಕುತ್ತಿಗೆ ತಿರುಗದವರು ಹೆಚ್ಚಾದರು. ಹಾಡು ನಿಂತಿತು.

ಸೌತೆಗೆ, ಹಾಗಲಕ್ಕೆ, ಕುಂಬಳಕ್ಕೆ ಕೈ ಸಾಕಾಯಿತು. ಸೂರ್ಯಕಾಂತಿಯ ಒಂದೊಂದು ತೆನೆಯಲ್ಲೂ ಸಾವಿರ ಹೂವು, ಅದನ್ನು ಮುಟ್ಟುವವರು ಯಾರು? ತೆನೆ ಜೊಳ್ಳಾಯಿತು. ಗಾಳಿಯಲ್ಲಿ ತೇಲಿದ ಹನಿ ರಸ್ತೆ ಬದಿಯ ಮರಗಳನ್ನೂ ಹುಡುಕಿಕೊಂಡು ಹೋಗಿತ್ತು. ಹೊಂಗೆ ಎಂದಿನಂತೆ ಹೂಬಿಟ್ಟಿತು, ಕಾಯಿ ಕಟ್ಟಲಿಲ್ಲ. ಹುಣಸೆಯೂ ಅಷ್ಟೆ. ಮೆಲ್ವಿನ್ ಒಂದು ದಿನ ವಿಮಾನ ಇಳಿಸಿ ಬಂದವನು ಕಂಟ್ರೋಲ್ ರೂಮಿನಲ್ಲಿ ಕಸ್ತೂರಿಯ ಎದುರು ಕೂತ.

"ಮೇಲಿಂದ ನೋಡುವಾಗ ಎಲ್ಲ ಹಸಿರೇ ಹಸಿರು ಮಾರಾಯ್ರೆ," ಎಂದ. "ಹಾಳಾದದ್ದು ಅಂತ ಯಾರಿಗೂ ಗೊತ್ತೇ ಆಗುದಿಲ್ಲ."

ಇನ್ನೊಂದು ಬಗೆಯ ಅಂಟಿನ ಮೇಲೆ ಕೆಲಸ ನಡೆದಿತ್ತು. ಸಿಗಲು ವರ್ಷಗಳೇ ಬೇಕು, ಸಿಗದೆಯೂ ಹೋಗಬಹುದು ಎಂದು ಕಸ್ತೂರಿಗೆ ಗೊತ್ತಿತ್ತು. ಅಷ್ಟರಲ್ಲಿ ಬೇರೆ ಬಯಲುಗಳ ಕೇಂದ್ರಗಳೂ ಅವಳ ಅಂಟನ್ನೇ ಬಳಸತೊಡಗಿದ್ದವು.

ಆ ದಿನಗಳಲ್ಲೇ ಹೊನ್ನವ್ವ ತಂಗಿಯನ್ನು ಒಂದು ಮಾತು ಕೇಳಿದಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈಯ ಬೆರಳುಗಳ ಗೆಣ್ಣು ಊದಿಕೊಂಡಿದ್ದವು.

"ನನ್ನ ಹೊಲ ಒಂದ್ ಬಿಟ್ಟು ಹೊಡಸಾಕ ಬರ್ತೈತೇನು?"

ಕಸ್ತೂರಿ ತಲೆಯೆತ್ತಿ ನೋಡಿದಳು.

"ಮೂರೂ ಕಡಿ ಹೊಳಿ ಐತಿ. ಮಾಬೂಬಿ ಹೊಲ ಒಂದಽ ತಾಗಿದ್ದು. ನಾ ನಿನ್ನ ಯಾವತ್ತೂ ಏನೂ ಕೇಳಿಲ್ಲ ಕಸ್ತೂರಿ. ಒಂದ್ ಬೆಳಿ ಜೇನು ಕೂತದ್ದು ನೋಡಬೇಕು ಅನಸೇತಿ."

ಆಗದು ಎಂದು ಹೇಳಬೇಕಿತ್ತು. ಒಂದು ತಾಕು ಬಿಟ್ಟರೂ ನೊಣಕ್ಕೆ ಮನೆಯಾಗುತ್ತದೆ ಎಂದು ಊರೂರಿಗೆ ಹೋಗಿ ತಿಳಿಹೇಳಿದವಳೇ ಅವಳು. ಆದರೆ ಅಕ್ಕನ ಬೆರಳುಗಳನ್ನು ನೋಡುತ್ತ ಅವಳು "ಹೂಂ" ಎಂದುಬಿಟ್ಟಳು. ಮರುದಿನ ಕಂಟ್ರೋಲ್ ರೂಮಿನ ಪರದೆಯ ಮೇಲೆ ಹಾರಾಟದ ನಕ್ಷೆ ತೆರೆದು, ಹೊಳೆಯ ತಿರುವಿನ ಆ ಎಕರೆಯನ್ನು ಗೆರೆಯಿಂದ ಹೊರಗಿಟ್ಟಳು. ಮೆಲ್ವಿನ್ ನಕ್ಷೆಯನ್ನು ನೋಡಿ ಅವಳ ಮುಖ ನೋಡಿದ. ಹೊಳೆಯ ತಿರುವು ಬಂದಾಗ ನಳಿಕೆ ಮುಚ್ಚಿ ದಾಟಿದ.

ಹಳೆಯ ಪೊರೆ ಕಳಚಲು ದಿನ ಹಿಡಿಯಿತು. ಆಮೇಲೊಂದು ಬೆಳಿಗ್ಗೆ, ವಿಮಾನಗಳು ಹೊರಡುವ ಗಡಿಬಿಡಿಯಲ್ಲಿ ಹೊನ್ನವ್ವ ಫೋನು ಮಾಡಿದಳು.

"ಮಾತಾಡಬ್ಯಾಡ, ಸುಮ್ಮಕ ಕೇಳು," ಎಂದು ಫೋನನ್ನು ಹೊಲದ ಕಡೆಗೆ ಹಿಡಿದಳು.

ಕಸ್ತೂರಿ ಸ್ಪೀಕರ್ ಹಾಕಿದಳು. ಗುಂಯ್ ಎಂಬ ಸದ್ದು ಕೋಣೆಯನ್ನು ತುಂಬಿತು. ಹೂವಿಲ್ಲದೆ ಅಲೆಯುತ್ತಿದ್ದ ಬಯಲಿನ ಜೇನೆಲ್ಲ ಆ ಒಂದೆಕರೆಗೆ ಬಂದು ಮುತ್ತಿದ್ದವು. ಮೆಲ್ವಿನ್ ಬಾಗಿಲಲ್ಲೇ ನಿಂತ. ಕಂಪ್ಯೂಟರಿನ ಮುಂದಿದ್ದವರು ಕೈ ನಿಲ್ಲಿಸಿದರು. ಚಿದಂಬರಯ್ಯ ತಮ್ಮ ಕೋಣೆಯಿಂದ ಹೊರಗೆ ಬಂದು, ಅದು ಎಲ್ಲಿಂದ ಬರುವ ಸದ್ದೆಂದು ತಿಳಿದ ಮೇಲೂ ಕೇಳುತ್ತ ನಿಂತರು. ಕೊನೆಗೆ, "ಎಷ್ಟು ದಿನ ಹೀಗೆ ಬಿಡ್ಬೇಕು ಅಂತಿದ್ದೀರಿ?" ಎಂದು ಮೆಲ್ಲಗೆ ಕೇಳಿದರು. ಕಸ್ತೂರಿ ಸ್ಪೀಕರ್ ಆರಿಸಿದಳು. ಅವರು ನಕ್ಷೆಯನ್ನು ತಿದ್ದಿಸಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೊನ್ನವ್ವನ ಬಳ್ಳಿಯ ಗಂಟುಗಂಟಿಗೂ ಮಿಡಿ ನಿಂತಿತು. ಫಕ್ಕೀರಪ್ಪ ಹೊಲಕ್ಕೆ ಬಂದವರಿಗೆಲ್ಲ ಎಳೆಸೌತೆ ಕಿತ್ತು ಕೊಟ್ಟ. ನೆರೆಯವರು ಬದುವಿಗೆ ಬಂದು, ಜೇನನ್ನು ನೋಡಿ, ತಮ್ಮ ಹೊಲಕ್ಕೆ ಹೋಗಿ ಹೂವು ಮುಟ್ಟಿಸುತ್ತಿದ್ದರು.

ಮಾಬೂಬಿ ಬಂದದ್ದು ಒಂದು ಭಾನುವಾರ. ಅವತ್ತು ಕಸ್ತೂರಿಯೂ ಅಲ್ಲಿದ್ದಳು. ಮಾಬೂಬಿಯ ಕೈಯಲ್ಲಿ ಮೆಣಸಿನ ಟೊಂಗೆಯಿತ್ತು. ಅದರ ಕುಡಿಯ ಎಲೆಗಳು ದೋಣಿಯಂತೆ ಒಳಕ್ಕೆ ಮುದುಡಿದ್ದವು.

"ಹೊನ್ನವ್ವಕ್ಕಾ, ನಿನ್ನ ಹೊಲಕ್ಕ ಔಷಧ ಬೀಳಂಗಿಲ್ಲಂತ, ಖರೇ ಏನು?"

"ಖರೇ," ಎಂದಳು ಹೊನ್ನವ್ವ.

ಮಾಬೂಬಿ ಟೊಂಗೆಯನ್ನು ಬದುವಿನ ಮೇಲಿಟ್ಟು ಪಕ್ಕದಲ್ಲಿ ಕೂತಳು. "ನಿನ್ನ ಹೊಲದ ಕಡೀ ಇರೂ ನಮ್ಮ ಸಾಲು ಎಲ್ಲಾ ಹಿಂಗ ಆಗ್ಯಾವು. ನಮ್ಮ ಕಡಿ ಔಷಧದ ಪೊರಿ ಇನ್ನ ಐತಿ, ಆದ್ರೂ ನೊಣ ಇಷ್ಟು ಬಂದ್ರ ತಡೀವಲ್ದು." ಅವಳ ದನಿಯಲ್ಲಿ ಜಗಳವಿರಲಿಲ್ಲ. "ನಿನಗ ಸಿಟ್ಟು ಬರಬಾರ್ದು. ನಾನೂ ದಿನಾ ನಿನ್ನ ಜೇನು ನೋಡಾಕಽ ಈ ದಾರೀಲೆ ಬರ್ತಿದ್ದೆ."

ಹೊನ್ನವ್ವ ತನ್ನ ಬಳ್ಳಿಯ ಎಲೆಯೊಂದನ್ನು ಮಗುಚಿದಳು. ಬೆನ್ನಿನ ತುಂಬ ಬಿಳಿ ಪುಡಿ ಉದುರಿಸಿದಂತೆ ನೊಣ ಕೂತಿದ್ದವು. ಅವಳು ಇದನ್ನು ಮೊದಲೇ ನೋಡಿದ್ದಳೆಂದು ಕಸ್ತೂರಿಗೆ ಅವಳ ಮುಖದಿಂದಲೇ ಗೊತ್ತಾಯಿತು.

"ಬಳ್ಳಿ ಕಿತ್ತ ಒಗದ್ರಾತು," ಎಂದ ಫಕ್ಕೀರಪ್ಪ.

"ಕಿತ್ರ ನೊಣ ಎಲ್ಲಿ ಹೊಕ್ಕಾವು? ಸೀದಾ ಮಾಬೂಬಿ ಹೊಲಕ್ಕಽ." ಹೊನ್ನವ್ವ ತಂಗಿಯ ಕಡೆ ತಿರುಗಿದಳು. "ನಾಳಿ ಇಮಾನ ಕಳಸವಾ."

"ಅಕ್ಕಾ..."

"ಗೊತ್ತೈತಿ. ಕಳಸು."

ಕಸ್ತೂರಿ ಅವತ್ತು ಮಧ್ಯಾಹ್ನವೇ ಕೇಂದ್ರಕ್ಕೆ ಹೋಗಿ ನಕ್ಷೆಯೊಳಗೆ ಆ ಎಕರೆಯನ್ನು ಮರಳಿ ಸೇರಿಸಿದಳು. ಒಂದು ಗುಂಡಿ ಒತ್ತಿದರೆ ಆಗುವ ಕೆಲಸ. ಒತ್ತಿದಳು. ಬೇರೆ ಏನಾದರೂ ಮಾಡಬಹುದಿತ್ತೇ ಎಂದು ಪರದೆಯ ಮೇಲಿನ ಅಂಕಿಗಳನ್ನೆಲ್ಲ ಮತ್ತೆ ಮೊದಲಿನಿಂದ ನೋಡಿದಳು. ಗಾಳಿಯ ವೇಗ, ದಿಕ್ಕು, ಹನಿಯ ಗಾತ್ರ ಎಲ್ಲವೂ ಸರಿಯಾಗಿದ್ದವು. ತಪ್ಪೊಂದು ಸಿಕ್ಕಿದ್ದರೆ ತಿದ್ದಬಹುದಿತ್ತು.

ಮರುದಿನ ಅವಳು ಕಂಟ್ರೋಲ್ ರೂಮಿಗೆ ಹೋಗಲಿಲ್ಲ. ಹೊತ್ತು ಮೂಡುವ ಮೊದಲೇ ಅಕ್ಕನ ಹೊಲದ ಬದುವಿಗೆ ಬಂದು ನಿಂತಳು. ಮೆಲ್ವಿನ್‌ನ ವಿಮಾನ ಹೊಳೆಯ ಮೇಲಿನಿಂದ ಬಾಗಿ ಬಂತು. ಹನಿ ಜರಡಿ ಹಿಡಿದಂತೆ ಸಮನಾಗಿ ಇಳಿಯಿತು. ಇಳಿಯುತ್ತ ಬಾಗಿ, ತಿರುಗಿ, ಎಲೆಗಳ ಕೆಳಗೆ ಸೇರಿಕೊಂಡಿತು. ಒಂದೂ ವ್ಯರ್ಥವಾಗಲಿಲ್ಲ.

ಬಿಸಿಲು ಬಿತ್ತು. ಹೂವುಗಳು ಬಿರಿದವು. ನಿನ್ನೆಯ ದಾರಿ ಹಿಡಿದು ಜೇನುಗಳು ಬಂದವು, ನಿನ್ನೆಯಷ್ಟೇ ಬಂದವು. ಹೊಲದ ಮೇಲೆ ಗೇಣೆತ್ತರದಲ್ಲಿ ಎಲ್ಲವೂ ತೂಗಾಡುತ್ತ ನಿಂತವು. ಕೆಲವು ಇಳಿಯಲು ನೋಡಿದವು, ತಿರುಗಿದವು, ಮತ್ತೆ ನೋಡಿದವು. ಸದ್ದು ಹಾಗೆಯೇ ಇತ್ತು, ಇಳಿದದ್ದು ಮಾತ್ರ ಒಂದೂ ಇಲ್ಲ. ಹೊನ್ನವ್ವ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಜೇನುಗಳು ಒಂದೊಂದಾಗಿ ಹೊಳೆಯಾಚೆಗೆ ಹೋದವು. ಹೊಲ ಸುಮ್ಮನಾಯಿತು.

ಮಾಬೂಬಿ ತನ್ನ ಕೆಲಸ ಬಿಟ್ಟು ಬದು ದಾಟಿ ಬಂದಳು. ಯಾರೂ ಕರೆದಿರಲಿಲ್ಲ. ಬಂದವಳು ಸಾಲಿನ ತುದಿಯಲ್ಲಿ ಕೂತು ಗಂಡು ಹೂವು ಬಿಡಿಸತೊಡಗಿದಳು. ಹೊನ್ನವ್ವ ಇನ್ನೊಂದು ತುದಿ ಹಿಡಿದಳು. ಕಸ್ತೂರಿಯೂ ಕೂತಳು. ಹೂವು ಕಿತ್ತು ದಳ ಮಡಚಲು ಹೋದಳು. ಅದು ಬೆರಳಲ್ಲಿ ಹರಿದು ಮುದ್ದೆಯಾಯಿತು.

"ಜೋರ ಹಿಡೀಬ್ಯಾಡ," ಎಂದಳು ಹೊನ್ನವ್ವ. ಆ ಕಡೆ ತಿರುಗಿ ನೋಡದೆಯೇ ಹೇಳಿದ್ದಳು. "ಬಿಸಲು ಏರಾಕತ್ತೇತಿ. ಇನ್ನೊಂದ್ ತಗೋ."

ಕಸ್ತೂರಿ ಇನ್ನೊಂದು ಹೂವು ಕಿತ್ತಳು.